ಯಾವ ಪುಸ್ತಕ ಒಯ್ಯಲಿ? ಗ್ರಂಥಾಲಯದ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲಿ ನಾನು ಗ್ರಂಥಪಾಲಕಿಯಾಗಿದ್ದೇನೆ. ಓದುಗರು ವರ್ಷವಿಡೀ ಕೇಳುವ ಪ್ರಶ್ನೆಗಳಲ್ಲಿ ಕೆಲವು ನಿಯಮಗಳಿಗೆ ಸಂಬಂಧಿಸಿದವು, ಬಹುಪಾಲು ಪುಸ್ತಕಗಳಿಗೆ ಸಂಬಂಧಿಸಿದವು. ಅವೆಲ್ಲಕ್ಕೂ ನಿಧಾನವಾಗಿ ಉತ್ತರಿಸಲು ಕೌಂಟರಿನಲ್ಲಿ ಸಮಯ ಸಿಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಪುಸ್ತಕಗಳ ಬಗೆಗಿನ ಸಲಹೆಗಳು ನನ್ನ ಸ್ವಂತ ಓದಿನಿಂದ ಬಂದವು. ನಾನು ಓದಿರದ ಪುಸ್ತಕವನ್ನು ಚೆನ್ನಾಗಿದೆ ಎಂದು ಹೇಳಿ ಯಾರ ಕೈಗೂ ಕೊಡುವುದಿಲ್ಲ.

ಸದಸ್ಯರಾಗಲು ಏನೇನು ಬೇಕು?

ವಿಳಾಸದ ಒಂದು ದಾಖಲೆ, ಒಂದು ಭಾವಚಿತ್ರ, ಭರ್ತಿ ಮಾಡಿದ ಅರ್ಜಿ ಮತ್ತು ಹಿಂದಿರುಗಿಸಬಹುದಾದ ಸಣ್ಣ ಠೇವಣಿ ಇಷ್ಟು ಸಾಕು. ಸದಸ್ಯತ್ವ ಬೇಡವೆಂದು ಬರೆದುಕೊಟ್ಟ ದಿನ ಠೇವಣಿಯನ್ನು ಮರಳಿ ಪಡೆಯಬಹುದು. ಒಳಗೆ ಕುಳಿತು ಪತ್ರಿಕೆ, ಪುಸ್ತಕ ಓದುವುದಕ್ಕೆ ಸದಸ್ಯತ್ವವೇ ಬೇಕಿಲ್ಲ. ಎಷ್ಟೋ ಜನ ಹೊಸಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳುತ್ತಾರೆ. ದಯವಿಟ್ಟು ಬನ್ನಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಈಗ ಅದು ಶೇಕಡ 6ರಷ್ಟಿದೆ. ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿದರೆ ಆ ಸಾಲು ಕಾಣುತ್ತದೆ. ಇಲ್ಲಿನ ಪುಸ್ತಕಗಳಿಗೆ ನೀವು ಆಗಲೇ ಹಣ ಕೊಟ್ಟಿದ್ದೀರಿ.

ಬಹಳ ವರ್ಷಗಳಿಂದ ಏನನ್ನೂ ಓದಿಲ್ಲ. ಮತ್ತೆ ಓದಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸಲಿ?

ಕೌಂಟರಿನಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ನಿವೃತ್ತರು, ಇಲ್ಲವೇ ಮಕ್ಕಳು ಓದಿಗಾಗಿ ಊರು ಬಿಟ್ಟು ಹೋದ ಮೇಲೆ ಸಂಜೆಗಳು ಖಾಲಿಯಾದ ತಂದೆ ತಾಯಿಯರು. ಅವರಲ್ಲಿ ಅನೇಕರು ಮೊದಲ ದಿನವೇ ದಪ್ಪದೊಂದು ಮಹಾಕಾದಂಬರಿಯನ್ನು ಒಯ್ದು, ಹದಿನೈದು ದಿನಗಳ ನಂತರ ನಲವತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಇಟ್ಟ ಸ್ಥಿತಿಯಲ್ಲಿ ತಂದುಕೊಡುತ್ತಾರೆ. ನಂತರ ಬರುವುದೇ ಇಲ್ಲ. ಆ ಪುಸ್ತಕ ಅವರಿಗೆ ತಕ್ಕದ್ದಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ಒಂದೆರಡು ಸಂಜೆಗಳಲ್ಲಿ ಮುಗಿಯುವ ಪುಸ್ತಕದಿಂದ ಆರಂಭಿಸಬೇಕೆಂಬುದು ನನ್ನ ಸಲಹೆ. ಮಾಸ್ತಿಯವರ ‘ಸುಬ್ಬಣ್ಣ’ ಒಬ್ಬ ಸಂಗೀತಗಾರನ ಇಡೀ ಜೀವನವನ್ನು ಕೆಲವೇ ಪುಟಗಳಲ್ಲಿ ಹೇಳುವ ನೀಳ್ಗತೆ. ಅದನ್ನು ಒಯ್ದವರು ಮುಗಿಸದೆ ತಂದದ್ದು ನನಗೆ ನೆನಪಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಇನ್ನೊಂದು. ಹೇಮಾವತಿಯ ದಡದ ಜನಜೀವನವನ್ನು ಬಿಡಿ ಬಿಡಿ ಪ್ರಬಂಧಗಳಲ್ಲಿ ಹೇಳುವುದರಿಂದ ಎಲ್ಲಿ ಬೇಕಾದರೂ ತೆರೆದು ಓದಬಹುದು. ಊರ ಹೊರಗಿನ ಬದುಕಿನ ಕುತೂಹಲ ಇರುವವರಿಗೆ ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕದವರು ತಂದ ‘ವಿಶ್ವ ಕಥಾಕೋಶ’ದ 25 ಸಂಪುಟಗಳಲ್ಲಿ ಯಾವುದಾದರೂ ಒಂದನ್ನು ಕೊಡುತ್ತೇನೆ. ರಾತ್ರಿ ಊಟವಾದ ಮೇಲೆ ಒಂದೇ ಕಥೆ, ಹೆಚ್ಚು ಬೇಡ ಎಂದೂ ಹೇಳುತ್ತೇನೆ. ಮೂರು ಪುಸ್ತಕ ಮುಗಿಸಿದ ಓದುಗರು ನಾಲ್ಕನೆಯದನ್ನು ನನ್ನನ್ನು ಕೇಳುವುದಿಲ್ಲ. ತಾವೇ ಕಪಾಟಿನ ಕಡೆಗೆ ನಡೆಯುತ್ತಾರೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಪುಸ್ತಕವನ್ನು ಮನೆಗೆ ಒಯ್ಯಿರಿ. ಗ್ರಂಥಾಲಯದಲ್ಲಿ ಅರ್ಧ ಗಂಟೆ ಕುಳಿತು ಓದುವವರಿಗಿಂತ, ಮನೆಯಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲಿ ಪುಸ್ತಕ ಇಟ್ಟುಕೊಂಡವರು ಹೆಚ್ಚು ಓದುತ್ತಾರೆ ಎಂಬುದನ್ನು ಇಷ್ಟು ವರ್ಷಗಳಲ್ಲಿ ಕಂಡಿದ್ದೇನೆ. ಮನೆಯಲ್ಲಿರುವ ಪುಸ್ತಕವನ್ನು ಒಯ್ದವರೊಬ್ಬರೇ ಓದುವುದೂ ಅಪರೂಪ.

ಅಮ್ಮನಿಗೆ (ಅತ್ತೆಗೆ, ಅಜ್ಜಿಗೆ) ಒಂದು ಒಳ್ಳೆಯ ಕಾದಂಬರಿ ಕೊಡಿ ಎಂದರೆ ಏನನ್ನು ಕೊಡುತ್ತೀರಿ?

ಮೊದಲು, ಅವರು ಹಿಂದೆ ಓದಿ ಮೆಚ್ಚಿದ್ದು ಯಾವುದು ಎಂದು ಕೇಳಿಕೊಂಡು ಬರಲು ಹೇಳುತ್ತೇನೆ. ಉತ್ತರ ತ್ರಿವೇಣಿಯವರ ಹೆಸರಾಗಿರುವುದೇ ಹೆಚ್ಚು. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಈ ಲೇಖಕಿ, ಮನಸ್ಸಿನ ಕಾಯಿಲೆಯ ಬಗ್ಗೆ ಮನೆಮಂದಿ ಬಾಯಿಬಿಟ್ಟು ಮಾತನಾಡಲು ಹೆದರುತ್ತಿದ್ದ ಕಾಲದಲ್ಲಿ ‘ಶರಪಂಜರ’ ಬರೆದರು. ಸಿನಿಮಾ ನೋಡಿದವರು ಕಾದಂಬರಿಯನ್ನೂ ಓದಿದ್ದೇವೆಂದು ತಿಳಿದಿರುತ್ತಾರೆ. ಅವರಿಗೆ ಕಾದಂಬರಿಯನ್ನು ಕೊಟ್ಟು ಕಳಿಸುವುದು ನನಗೆ ಬಹಳ ಇಷ್ಟದ ಕೆಲಸ.

ಎರಡನೆಯದಾಗಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಇಂದಿರಾ ಅವರು ತೀರ್ಥಹಳ್ಳಿಯ ಕಡೆಯವರು. ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದವರು. ಅವರ ಕುಟುಂಬದಲ್ಲೇ ಬಾಳಿದ್ದ ಒಬ್ಬ ಬಾಲವಿಧವೆಯ ಬದುಕು ಈ ಕಾದಂಬರಿಗೆ ಆಧಾರ. ನಮ್ಮ ಓದುಗರೊಬ್ಬರು ಇದನ್ನು ಕಣ್ಣಿನ ಪೊರೆ ಬಂದು ಓದಲಾಗದ ತಮ್ಮ ತಾಯಿಗಾಗಿ ಒಯ್ದಿದ್ದರು. ಹೈಸ್ಕೂಲಿನಲ್ಲಿದ್ದ ಮೊಮ್ಮಗಳು ದಿನವೂ ಅಜ್ಜಿಗೆ ಹತ್ತು ಪುಟ ಗಟ್ಟಿಯಾಗಿ ಓದಿ ಹೇಳಿದಳು. ಅಡುಗೆಮನೆಯ ಪಾತ್ರೆಪಗಡಿಗಳ ಹೆಸರು, ಮಡಿ ಮೈಲಿಗೆಯ ಮಾತು, ಬಾಣಂತನದ ವಿವರ ಬಂದಲ್ಲೆಲ್ಲ ಅಜ್ಜಿ ಓದು ನಿಲ್ಲಿಸಿ ತಮ್ಮ ಕಾಲದ್ದನ್ನು ಹೇಳುತ್ತಿದ್ದರಂತೆ. ಹೀಗಾಗಿ ಪುಸ್ತಕ ಮರಳಿ ಬರಲು ಎರಡು ತಿಂಗಳು ಹಿಡಿಯಿತು. ಪುಸ್ತಕದೊಂದಿಗೆ ಆ ಹುಡುಗಿಯೂ ಬಂದು ತನ್ನ ಹೆಸರಿಗೆ ಕಾರ್ಡು ಮಾಡಿಸಿಕೊಂಡಳು.

ಗಡಿನಾಡಿನ ಮುಸ್ಲಿಂ ಹೆಣ್ಣುಮಗಳೊಬ್ಬಳ ತಲಾಖಿನ ನಂತರದ ಸಂಕಟವನ್ನು ಹೇಳುವ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’, ಕಲಬುರಗಿ ಸೀಮೆಯ ಮಾತಿನ ಗತ್ತಿರುವ ಗೀತಾ ನಾಗಭೂಷಣ ಅವರ ‘ಬದುಕು’ ಇವುಗಳನ್ನು ಅದರ ನಂತರ ಕೊಡುತ್ತೇನೆ. ‘ಬದುಕು’ ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಆ ಗೌರವ ಪಡೆದ ಮೊದಲ ಕನ್ನಡ ಲೇಖಕಿ ಅವರಾದರು. ನಮ್ಮ ಕಡೆಯ ಓದುಗರಿಗೆ ಆ ಭಾಷೆ ಮೊದಲ ಇಪ್ಪತ್ತು ಪುಟಗಳಲ್ಲಿ ತೊಡಕೆನಿಸಬಹುದು. ಮನಸ್ಸಿನಲ್ಲಿ ಓದದೆ ತುಟಿಯಲ್ಲಿ ಓದಿಕೊಂಡರೆ ತೊಡಕು ಬಿಡುತ್ತದೆ.

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರು ಸಲ ಆರಂಭಿಸಿ ಬಿಟ್ಟಿದ್ದೇನೆ. ಏನು ಮಾಡಲಿ?

ಬಿಟ್ಟದ್ದಕ್ಕೆ ಸಂಕೋಚ ಬೇಡ. 1967ರಲ್ಲಿ ಬಂದ ಈ ಕಾದಂಬರಿಯಲ್ಲಿ ಒಬ್ಬ ನಾಯಕ, ಒಂದು ಕಥೆ ಎಂಬ ವ್ಯವಸ್ಥೆಯನ್ನು ಕುವೆಂಪು ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ. ಹತ್ತಾರು ಮನೆಗಳು, ಹಟ್ಟಿ, ಕೇರಿ, ಗುಡ್ಡ, ಹಳ್ಳ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಕಥೆಯ ಎಳೆ ಎಲ್ಲಿ ಎಂದು ಹುಡುಕುವವರಿಗೆ ಆಗ ದಾರಿ ತಪ್ಪುತ್ತದೆ. ನಾನು ಹೇಳಿಕೊಡುವ ಉಪಾಯ ಇಷ್ಟೆ: ನಾಯಿಗುತ್ತಿಯನ್ನು ಹಿಡಿದುಕೊಳ್ಳಿ. ಅವನೂ ಅವನ ನಾಯಿ ಹುಲಿಯನೂ ಕಾಡುದಾರಿಯಲ್ಲಿ ನಡೆದಂತೆ ನೀವೂ ಜೊತೆಗೆ ನಡೆಯಿರಿ. ಅವರು ಕಣ್ಮರೆಯಾದ ಪುಟಗಳಲ್ಲಿ ಉಳಿದ ಮನೆಗಳನ್ನು ನೆಂಟರ ಮನೆಗೆ ಹೋದಂತೆ ನೋಡಿಕೊಂಡು ಬನ್ನಿ. ಒಂದು ಕಾಗದದಲ್ಲಿ ಮನೆಗಳ ಹೆಸರು, ಆ ಮನೆಯ ಜನರ ಹೆಸರು ಬರೆದಿಟ್ಟುಕೊಂಡರೆ ನೂರು ಪುಟಗಳಾಗುವಷ್ಟರಲ್ಲಿ ಆ ಕಾಗದವೇ ಬೇಡವಾಗುತ್ತದೆ. ದೊಡ್ಡ ಕಾದಂಬರಿಗಳಿಗೆ ಅವಧಿಯನ್ನು ಎರಡು ಸಲ ನವೀಕರಿಸಿಕೊಡುತ್ತೇನೆ. ಫೋನು ಮಾಡಿ ಹೇಳಿದರೂ ಸಾಕು.

ಮಳೆಗಾಲದಲ್ಲಿ ಓದಿರಿ ಎಂಬುದು ನನ್ನ ಖಾಸಗಿ ಸಲಹೆ. ಹೊರಗೆ ಮಳೆ ಹಿಡಿದು ಕುಳಿತ ಆಷಾಢದ ಮಧ್ಯಾಹ್ನ ಆ ಪುಸ್ತಕ ಬೇರೆಯೇ ಆಗಿ ಕೇಳಿಸುತ್ತದೆ.

ನಮ್ಮ ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದೆ. ಕನ್ನಡ ಮಾತನಾಡುತ್ತದೆ, ಓದುವುದಿಲ್ಲ. ಯಾವ ಪುಸ್ತಕ ಕೊಡಬೇಕು?

ಮಗುವಿನ ಕೈಗೆ ಕೊಡುವುದಕ್ಕಿಂತ ಮೊದಲು ಮಗುವಿನ ಕಿವಿಗೆ ಕೊಡಿ. ಒತ್ತಕ್ಷರಗಳ ಭಯ ಇರುವ ಮಗುವಿಗೆ ಪುಸ್ತಕ ಕೊಟ್ಟು ಓದು ಎಂದರೆ ಅದು ಪರೀಕ್ಷೆಯಾಗುತ್ತದೆ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ ಪದ್ಯಗಳನ್ನು, ಪಂಜೆ ಮಂಗೇಶರಾಯರ ಶಿಶುಗೀತೆಗಳನ್ನು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೀವು ಗಟ್ಟಿಯಾಗಿ ಓದಿ. ಕಿಂದರಿಜೋಗಿಯ ಇಲಿಗಳ ಸಾಲು ಬರುವಾಗ ಸುಮ್ಮನೆ ಕುಳಿತಿರುವ ಮಗುವನ್ನು ನಾನು ಇನ್ನೂ ನೋಡಿಲ್ಲ. ಬ್ರೌನಿಂಗನ ಇಂಗ್ಲಿಷ್ ಪದ್ಯದಿಂದ ಬಂದ ಕಥೆ ಅದು ಎಂದು ಹೇಳಿದರೆ, ಶಾಲೆಯಲ್ಲಿ ಅದನ್ನು ಓದಿರುವ ಮಕ್ಕಳು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಪದ್ಯ ಬಾಯಿಗೆ ಬಂದ ಮೇಲೆ ಅದೇ ಪುಟವನ್ನು ಮಗುವಿನ ಮುಂದೆ ಇಡಿ. ಗೊತ್ತಿರುವ ಸಾಲಿನ ಮೇಲೆ ಬೆರಳಿಟ್ಟು ಓದುವಾಗ ಒತ್ತಕ್ಷರಗಳು ತಾವಾಗಿ ಪರಿಚಯವಾಗುತ್ತವೆ.

ಆಮೇಲೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಒಯ್ಯಿರಿ; ಹೆಸರೇ ಹೇಳುವಂತೆ ವರ್ಷದ ಎಲ್ಲ ದಿನಗಳಿಗಾಗುವಷ್ಟು ಕಥೆಗಳು ಅದರಲ್ಲಿವೆ. ಚಿಕ್ಕ ಚಿತ್ರಪುಸ್ತಕಗಳಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಪ್ರಕಟಣೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಬುಟ್ಟಿಗಳಲ್ಲಿ ಇಟ್ಟಿದ್ದೇನೆ. ಏಕೆ, ಹೇಗೆ ಎಂದು ಕೇಳುವ ವಯಸ್ಸಿನ ಮಕ್ಕಳಿಗೆ ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳನ್ನು ತೋರಿಸುತ್ತೇನೆ. ಅದರಲ್ಲಿನ ಕೆಲವು ಮಾಹಿತಿ ಹಳೆಯದಾಗಿದೆ, ನಿಜ. ವಿಷಯವನ್ನು ಮಕ್ಕಳಿಗೆ ಗೌರವ ಕೊಟ್ಟು ವಿವರಿಸಿರುವ ರೀತಿ ಮಾತ್ರ ಇವತ್ತಿಗೂ ಮಾದರಿಯಾಗಿದೆ.

ಶನಿವಾರದ ಕಥಾ ಸಮಯದಲ್ಲಿ ಏನು ನಡೆಯುತ್ತದೆ? ಮಕ್ಕಳನ್ನು ಬಿಟ್ಟು ಹೋಗಬಹುದೇ?

ಬಿಟ್ಟು ಹೋಗಬಹುದು, ಕುಳಿತು ಕೇಳಿದರೆ ಇನ್ನೂ ಸಂತೋಷ. ಅರ್ಧ ದಿನದ ಶಾಲೆ ಮುಗಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳ ವಿಭಾಗದಲ್ಲಿ ಜಮಖಾನ ಹಾಸುತ್ತೇವೆ. ಒಬ್ಬರು ಒಂದು ಕಥೆ ಹೇಳುತ್ತಾರೆ, ಒಂದು ಕಥೆ ಓದುತ್ತಾರೆ. ಹೇಳುವವರು ನಾನೇ ಆಗಿರಬೇಕೆಂದಿಲ್ಲ. ಯಕ್ಷಗಾನದ ಹವ್ಯಾಸಿ ಕಲಾವಿದರೊಬ್ಬರು, ನಿವೃತ್ತ ಶಿಕ್ಷಕಿಯೊಬ್ಬರು, ಅಂಚೆ ಬಟವಾಡೆ ಮಾಡುವವರೊಬ್ಬರು ಸರದಿಯಲ್ಲಿ ಬರುತ್ತಾರೆ. ಕಥೆ ಮುಗಿದ ಮೇಲೆ ನೀತಿ ಏನು ಎಂದು ಮಕ್ಕಳನ್ನು ಕೇಳಬಾರದೆಂಬುದು ನಾವು ಮಾಡಿಕೊಂಡಿರುವ ಒಂದೇ ನಿಯಮ. ಬದಲಿಗೆ, ಪ್ರತಿಯೊಂದು ಮಗುವೂ ಹೊರಡುವ ಮುನ್ನ ತಾನೇ ಆರಿಸಿದ ಒಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಮಗು ಆರಿಸಿದ್ದು ತೀರ ಚಿಕ್ಕ ಮಕ್ಕಳ ಪುಸ್ತಕವೆಂದೋ, ಬರೀ ಚಿತ್ರವೆಂದೋ ಹೇಳಿ ತಾಯಿತಂದೆಯರು ಬದಲಾಯಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ದಯಮಾಡಿ ಬದಲಾಯಿಸಬೇಡಿ. ಹರಿದು ತಂದರೂ ಬೈಯುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೇವೆ.

ತಿಂಗಳ ಓದು ಬಳಗಕ್ಕೆ ಯಾರು ಬೇಕಾದರೂ ಬರಬಹುದೇ? ಪುಸ್ತಕ ಪೂರ್ತಿ ಓದಿರಬೇಕೇ?

ಯಾರು ಬೇಕಾದರೂ ಬರಬಹುದು. ಓದಿರದಿದ್ದರೂ ಬರಬಹುದು, ಆದರೆ ಕಥೆಯ ಕೊನೆ ತಿಳಿದುಬಿಡುತ್ತದೆ. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸೇರುತ್ತೇವೆ. ಭಾಷಣ, ಹಾರ, ಸ್ವಾಗತ, ವಂದನಾರ್ಪಣೆ ಯಾವುದೂ ಇರುವುದಿಲ್ಲ. ಒಂದು ಪುಸ್ತಕದ ಬಗ್ಗೆ ಒಂದೂವರೆ ಗಂಟೆ ಮಾತನಾಡುತ್ತೇವೆ.

ಕಳೆದ ವರ್ಷದ ಸಭೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕುರಿತ ಸಭೆ. ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿ, ಅವನಿಗೆ ಕಾಡನ್ನು ಓದಿಕೊಡುವ ಮಂದಣ್ಣ, ಇವರಿಬ್ಬರನ್ನೂ ಅಚ್ಚರಿಯಿಂದ ನೋಡುವ ಕೃಷಿಕ ನಿರೂಪಕ ಎಲ್ಲರ ಬಗ್ಗೆಯೂ ಕಾಲೇಜಿನ ಅಧ್ಯಾಪಕರೊಬ್ಬರು ಚೆನ್ನಾಗಿ ಮಾತನಾಡಿದರು. ಅಷ್ಟು ಹೊತ್ತು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದ ಜೇನು ಕೃಷಿಕರೊಬ್ಬರು ಆಮೇಲೆ ಎದ್ದು, ಕಾದಂಬರಿಯಲ್ಲಿ ಜೇನಿನ ವಿಷಯ ಬರುವ ಕಡೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಪೆಟ್ಟಿಗೆಗೆ ತುಡುವೆ ಕೂರಿಸುವುದು ಹೇಗೆ, ರಾಣಿ ಹುಳು ಹಾರಿದರೆ ಗೂಡಿಗೆ ಏನಾಗುತ್ತದೆ, ಮಳೆಗಾಲದಲ್ಲಿ ಸಕ್ಕರೆ ಪಾಕ ಇಡುವುದೇಕೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ತಾವು ಓದಿದ ಮೊದಲ ಕಾದಂಬರಿ ಅದೆಂದೂ, ಮಗಳು ಒಯ್ದಿದ್ದ ಪುಸ್ತಕ ಮನೆಯಲ್ಲಿ ಬಿದ್ದಿದ್ದರಿಂದ ಓದಿದ್ದೆಂದೂ ಹೇಳಿದರು. ಮುಂದಿನ ತಿಂಗಳು ಅವರು ಸಭೆಗೆ ಇಬ್ಬರು ಪಕ್ಕದ ತೋಟದವರನ್ನು ಕರೆತಂದರು.

ಬೂಕರ್ ಪ್ರಶಸ್ತಿ ಬಂದ ಬಾನು ಮುಷ್ತಾಕ್ ಅವರ ಪುಸ್ತಕ ಕನ್ನಡದಲ್ಲಿ ಯಾವುದು?

2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾದ ಮರುದಿನದಿಂದ ಈ ಪ್ರಶ್ನೆ ನಿಂತಿಲ್ಲ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಬಾನು ಅವರು ಬೇರೆ ಬೇರೆ ಕಾಲದಲ್ಲಿ ಬರೆದ ಕಥೆಗಳಿಂದ ಆರಿಸಿದ 12ರ ಸಂಕಲನ. ಅವರ ಹಳೆಯ ಕನ್ನಡ ಸಂಕಲನಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಂಡರೆ ಈ ಹನ್ನೆರಡೂ ಒಟ್ಟಿಗೆ ಸಿಗುವುದಿಲ್ಲ. ನಮ್ಮಲ್ಲಿ ‘ಎದೆಯ ಹಣತೆ’ ಮತ್ತು ‘ಹಸೀನಾ ಮತ್ತು ಇತರ ಕಥೆಗಳು’ ಇವೆ. ಹೆಸರು ಬರೆಸಿ ಸರದಿಯಲ್ಲಿ ಕಾಯಬೇಕಾಗುತ್ತದೆ. ಕಾಯುವ ದಿನಗಳಲ್ಲಿ ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನವನ್ನು ಒಯ್ಯಿರಿ ಎನ್ನುತ್ತೇನೆ. ಇಬ್ಬರ ಲೋಕವೂ ಬೇರೆ, ದನಿಯೂ ಬೇರೆ. ಮನೆಯೊಳಗಿನ ಹೆಂಗಸರ ಮಾತನ್ನು ಇಬ್ಬರೂ ಎಷ್ಟು ಹತ್ತಿರದಿಂದ ಕೇಳಿಸಿಕೊಂಡಿದ್ದಾರೆ ಎಂಬುದನ್ನು ಒಟ್ಟಿಗೆ ಓದಿದವರು ಗಮನಿಸುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಏನು ಸೌಲಭ್ಯವಿದೆ?

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜಗುಲಿಯಲ್ಲಿ ಚೀಲ ಇಟ್ಟು ಸಾಲು ನಿಂತಿರುವವರು ಇವರೇ. ಎಫ್‌ಡಿಎ, ಪಿಡಿಒ, ಪೊಲೀಸ್ ನೇಮಕಾತಿ ಪರೀಕ್ಷೆಗಳಿಗೆ ಓದುವ ಇವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಾರೆ. ಅವರಿಗಾಗಿ ಪ್ರತ್ಯೇಕ ಕೊಠಡಿ, ಕುಡಿಯುವ ನೀರು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಕನ್ನಡ ಮಾಧ್ಯಮದ ಆರರಿಂದ ಹತ್ತನೆಯ ತರಗತಿವರೆಗಿನ ಪಠ್ಯಪುಸ್ತಕಗಳ ಪೂರ್ಣ ಜೋಡಣೆ ಇದೆ. ಗೈಡುಗಳಿಗಿಂತ ಮೊದಲು ಆ ಪಠ್ಯಪುಸ್ತಕಗಳನ್ನು ಓದಿದವರಿಗೆ ತಳಪಾಯ ಗಟ್ಟಿಯಾಗಿರುತ್ತದೆ.

ಈ ಯುವಕ ಯುವತಿಯರು ವರ್ಷಗಟ್ಟಲೆ ಗ್ರಂಥಾಲಯದಲ್ಲೇ ಇದ್ದು, ಪರೀಕ್ಷೆಗೆ ಬೇಕಿಲ್ಲದ ಒಂದು ಪುಸ್ತಕವನ್ನೂ ಮನೆಗೆ ಒಯ್ಯದೆ ಹೋಗುತ್ತಾರೆ ಎಂಬುದು ನನಗೆ ನಿಜವಾದ ಕೊರಗು. ಅವರ ಕೊಠಡಿಯ ಬಾಗಿಲ ಬಳಿ ತೆಳುವಾದ ಕಥಾಸಂಕಲನಗಳ ಒಂದು ಚಿಕ್ಕ ಕಪಾಟು ಇಟ್ಟಿದ್ದೇನೆ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಆ ಕಪಾಟಿನಿಂದ ಅತಿ ಹೆಚ್ಚು ಸಲ ಹೊರಗೆ ಹೋಗಿದೆ. ಬಡತನದಲ್ಲಿ ಓದಿದ ಹುಡುಗನ ಬದುಕು ಅಲ್ಲಿ ನಗಿಸುತ್ತಲೇ ಎದೆ ಮುಟ್ಟುತ್ತದೆ.

ಹಳಗನ್ನಡ ಓದುವ ಆಸೆ ಇದೆ. ನನ್ನಿಂದ ಸಾಧ್ಯವೇ?

ಸಾಧ್ಯ, ಆದರೆ ಒಬ್ಬರೇ ಆರಂಭಿಸಬೇಡಿ. ನೇರವಾಗಿ ಪಂಪನ ಮೂಲಕ್ಕೆ ಕೈಹಾಕುವುದಕ್ಕಿಂತ, ಎಲ್. ಬಸವರಾಜು ಅವರ ‘ಸರಳ ಪಂಪಭಾರತ’ವನ್ನು ಮೊದಲು ಓದಿ. ಪದಗಳನ್ನು ಬಿಡಿಸಿ ಬರೆದಿರುವುದರಿಂದ ಸಂಧಿಯ ಗೋಡೆ ಅಡ್ಡ ಬರುವುದಿಲ್ಲ. ಕುಮಾರವ್ಯಾಸ ಅದಕ್ಕಿಂತ ಸುಲಭ. ಭಾಮಿನಿ ಷಟ್ಪದಿಯನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಅದಕ್ಕಾಗಿಯೇ ಶ್ರಾವಣದ ನಾಲ್ಕು ಶನಿವಾರ ಸಂಜೆ ಇಲ್ಲಿ ಗಮಕ ವಾಚನ ಇರುತ್ತದೆ. ಒಬ್ಬರು ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ. ಭಾರತದ ಕಥೆಯನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬೇಕೆನ್ನುವವರಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ಕ್ಕಿಂತ ಒಳ್ಳೆಯ ಗದ್ಯ ನನಗೆ ಗೊತ್ತಿಲ್ಲ. ಶಬ್ದಾರ್ಥಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳೂ 1894ರಲ್ಲಿ ಬಂದ ಕಿಟೆಲ್ ಕೋಶದ ಮರುಮುದ್ರಣವೂ ಪರಾಮರ್ಶನ ವಿಭಾಗದಲ್ಲಿವೆ. ಅವನ್ನು ಮನೆಗೆ ಕೊಡಲಾಗುವುದಿಲ್ಲ. ಮನೆಗೆ ಒಯ್ಯಿರೆಂದು ಇಷ್ಟು ಹೇಳುವ ನಾನು ಇಲ್ಲ ಎನ್ನುವ ಜಾಗ ಇದೊಂದೇ. ಒಂದು ಸಂಪುಟ ಹೊರಗೆ ಹೋದರೆ ಆ ದಿನ ಬಂದ ಇನ್ನೊಬ್ಬರಿಗೆ ಪದವೇ ಸಿಗುವುದಿಲ್ಲ.

ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆಗೆ ಏನು ಅರ್ಥ?

ಅದು ಪುಸ್ತಕದ ವಿಳಾಸ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಜ್ಞಾನವನ್ನು ಹತ್ತು ದೊಡ್ಡ ಭಾಗಗಳಾಗಿ ವಿಂಗಡಿಸಲಾಗಿದೆ. ಸಾಹಿತ್ಯ 800ರಲ್ಲಿ ಬರುತ್ತದೆ, ಕನ್ನಡ ಸಾಹಿತ್ಯಕ್ಕೆ 894.814. ಅದರ ಕೆಳಗಿನ ಅಕ್ಷರಗಳು ಲೇಖಕರ ಹೆಸರಿನವು. ಈ ಒಂದು ಸಂಖ್ಯೆ ನೆನಪಿದ್ದರೆ ಇನ್ನೊಂದು ಊರಿನ ಗ್ರಂಥಾಲಯಕ್ಕೆ ಹೋದಾಗಲೂ ಕನ್ನಡದ ಸಾಲನ್ನು ನೀವೇ ಹುಡುಕಬಹುದು. ತೆಗೆದು ನೋಡಿದ ಪುಸ್ತಕವನ್ನು ನೀವೇ ಕಪಾಟಿಗೆ ಇಡಬೇಡಿ, ಮೇಜಿನ ಮೇಲೆ ಬಿಡಿ. ತಪ್ಪು ಸಾಲಿಗೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ.

ಮನೆಯಲ್ಲಿರುವ ಹಳೆಯ ಪುಸ್ತಕಗಳನ್ನು ದಾನ ಕೊಡಬಹುದೇ?

ಕೊಡಬಹುದು, ಮೊದಲು ಪಟ್ಟಿ ಕೊಡಿ. ಎಲ್ಲವನ್ನೂ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವಿಲ್ಲ. ಹಳೆಯ ಪಠ್ಯಪುಸ್ತಕ, ಹಿಂದಿನ ವರ್ಷಗಳ ಗೈಡು, ಗೆದ್ದಲು ಹಿಡಿದ ಪುಸ್ತಕ ತೆಗೆದುಕೊಳ್ಳುವುದಿಲ್ಲ. ಗೆದ್ದಲು ಒಂದು ಪೆಟ್ಟಿಗೆಯಲ್ಲಿ ಬಂದರೆ ಇಡೀ ಕೊಠಡಿಗೆ ಹರಡುತ್ತದೆ. ಆದರೆ ಊರಿನ ಜಾತ್ರೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ಹಳೆಯ ವರದಿ, ಶಾಲೆಯ ಶತಮಾನೋತ್ಸವದ ಹೊತ್ತಗೆ, ಅಜ್ಜ ಬರೆದಿಟ್ಟ ತಾಳಮದ್ದಲೆಯ ಪ್ರಸಂಗದ ಪ್ರತಿ ಇಂಥವು ಇದ್ದರೆ ರದ್ದಿಗೆ ಹಾಕುವ ಮೊದಲು ನನಗೆ ಒಂದು ಮಾತು ತಿಳಿಸಿ. ಅಂಗಡಿಯಲ್ಲಿ ಮತ್ತೆ ಸಿಗದ ಪುಸ್ತಕಗಳು ಅವು.

ಮಳೆಗಾಲದಲ್ಲಿ ಪುಸ್ತಕ ಒದ್ದೆಯಾದರೆ, ಬೂಷ್ಟು ಹಿಡಿದರೆ ಏನು ಮಾಡಬೇಕು?

ಈ ಪಾಠವನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಕಟ್ಟಡದ ಹಿಂಬದಿಯ ಚಾವಣಿ ರಾತ್ರಿಯಲ್ಲಿ ಸೋರಿ, ಬೆಳಿಗ್ಗೆ ಬಾಗಿಲು ತೆರೆದಾಗ ಎರಡು ಕಪಾಟಿನ ಪುಸ್ತಕಗಳು ನೀರು ಕುಡಿದು ಉಬ್ಬಿದ್ದವು. ಓದುಗರು ತಾವಾಗಿ ಬಂದು ಸಂಜೆಯವರೆಗೆ ಹಾಳೆ ಬಿಡಿಸಿದರು.

ಒದ್ದೆ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರವೂ ಬೇಡ. ರಟ್ಟು ಸೊಟ್ಟಗಾಗಿ ಹಾಳೆ ಸುಕ್ಕಾಗುತ್ತದೆ. ನೀರು ಬಸಿದು, ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಾಗದ ಬಿಳಿ ಕಾಗದ ಇಟ್ಟು, ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಕಾಗದ ಬದಲಿಸುತ್ತಿರಿ. ದಿನಪತ್ರಿಕೆ ಇಟ್ಟರೆ ಅದರ ಮಸಿ ಹತ್ತುತ್ತದೆ. ನುಣುಪಾದ ಚಿತ್ರದ ಹಾಳೆಗಳನ್ನು ಮೊದಲು ಬಿಡಿಸಿ, ಒಣಗಿದ ಮೇಲೆ ಅವು ಒಂದೇ ಹಲಗೆಯಂತೆ ಅಂಟಿಕೊಳ್ಳುತ್ತವೆ. ಎರಡು ದಿನಗಳೊಳಗೆ ಬೂಷ್ಟು ಆರಂಭವಾಗುತ್ತದೆ. ಅಷ್ಟರಲ್ಲಿ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟರೆ ಸಮಯ ಸಿಗುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಲೇಬೇಡಿ. ಅದು ಕೆಲವು ವರ್ಷಗಳಲ್ಲಿ ಹಳದಿಯಾಗಿ ಉದುರಿ, ಅಕ್ಷರದ ಮೇಲೆ ಕಲೆ ಉಳಿಸುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ಹೇಗೆಂದು ನಮ್ಮ ಬೈಂಡಿಂಗ್ ಮಾಡುವವರು ಗ್ರಂಥಾಲಯ ಸಪ್ತಾಹದಲ್ಲಿ, ಅಂದರೆ ನವೆಂಬರ್ 14ರಿಂದ 20ರವರೆಗಿನ ವಾರದಲ್ಲಿ, ತೋರಿಸಿಕೊಡುತ್ತಾರೆ. ಗ್ರಂಥಾಲಯದ ಪುಸ್ತಕ ಒದ್ದೆಯಾದರೆ ಮಾತ್ರ ನೀವೇ ಏನೂ ಮಾಡದೆ ಕೂಡಲೇ ತಂದುಕೊಡಿ. ಹೆದರಿ ಮನೆಯಲ್ಲಿ ಇಟ್ಟುಕೊಂಡ ದಿನಗಳೇ ಅದನ್ನು ಹೆಚ್ಚು ಹಾಳುಮಾಡುತ್ತವೆ.

ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಬಹುದೇ? ಪಿಡಿಎಫ್ ಕಳಿಸುವಿರಾ?

ಲೇಖಕರ ಹಕ್ಕು ಉಳಿದಿರುವ ಪುಸ್ತಕಕ್ಕೆ ಎರಡೂ ಆಗದು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆಯವರ ಬರಹಗಳು ಎಂದೋ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು 2024ರ ಆರಂಭದಿಂದ ಮುಕ್ತವಾದವು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿ ನಿಘಂಟುಗಳೂ ಅನೇಕ ಪುಸ್ತಕಗಳೂ ಉಚಿತವಾಗಿ ದೊರೆಯುತ್ತವೆ. ಹೇಗೆ ತೆರೆಯಬೇಕೆಂದು ಇಲ್ಲಿನ ಕಂಪ್ಯೂಟರಿನಲ್ಲಿ ತೋರಿಸುತ್ತೇನೆ.

ಹಿಂದಿರುಗಿಸಲು ತಡವಾಗಿದೆ. ದಂಡ ಎಷ್ಟು?

ತಂದುಕೊಡಿ, ಅಷ್ಟೆ. ದಂಡದ ಮೊತ್ತ ಬಹಳ ಕಡಿಮೆ, ಅದರ ನಾಚಿಕೆ ಬಹಳ ದೊಡ್ಡದು. ಆ ನಾಚಿಕೆಯಿಂದಲೇ ಓದುಗರೂ ಪುಸ್ತಕವೂ ಒಟ್ಟಿಗೆ ತಪ್ಪಿಹೋಗುತ್ತಾರೆ.

ನಾವು ಹಳ್ಳಿಯಲ್ಲಿದ್ದೇವೆ. ಪ್ರತಿ ಸಲ ಪೇಟೆಗೆ ಬರಲು ಆಗುವುದಿಲ್ಲ.

ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು, ಈಗಿನ ಹೆಸರಿನಲ್ಲಿ ಅರಿವು ಕೇಂದ್ರವನ್ನು, ಮೊದಲು ನೋಡಿ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಗಿದೆ. ಅಲ್ಲಿ ಇಲ್ಲದ ಪುಸ್ತಕ ಬೇಕಾದರೆ ಪೇಟೆಗೆ ಬರುವ ನೆರೆಯವರ ಕೈಯಲ್ಲಿ ಚೀಟಿ ಮತ್ತು ಕಾರ್ಡು ಕಳಿಸಿ. ಹಾಲಿನ ಡೇರಿಯ ಕ್ಯಾನಿನ ಜೊತೆಗೆ, ಔಷಧದ ಚೀಲದ ಜೊತೆಗೆ ನಮ್ಮ ಪುಸ್ತಕಗಳು ದೂರದ ಮನೆಗಳಿಗೆ ಹೋಗಿ ಕ್ಷೇಮವಾಗಿ ಬಂದಿವೆ.

ಆಗಸ್ಟ್ 12ರಂದು ಏನು ಕಾರ್ಯಕ್ರಮ?

ಅದು ಎಸ್. ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. 1931ರಲ್ಲಿ ಅವರು ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಆ ದಿನ ಐದು ವರ್ಷಗಳಿಂದ ಯಾರೂ ಒಯ್ಯದ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತೇವೆ. ಕಳೆದ ಸಲ ಇಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಜೆಯೊಳಗೆ ಮನೆಗಳಿಗೆ ಹೋದವು.

ಈಗ ನೀವು ಏನು ಓದುತ್ತಿದ್ದೀರಿ?

ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಮೂರನೆಯ ಸಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟದಲ್ಲಿ ಗಿಡಮರ ತೋರಿಸುತ್ತ ಅಲೆದ ಸಸ್ಯವಿಜ್ಞಾನಿಯ ಪುಸ್ತಕ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ದಿನವೂ ನಡೆದು ಬರುವ ದಾರಿಯ ಬೇಲಿಯಲ್ಲಿರುವ ಗಿಡಗಳನ್ನು ಇಷ್ಟು ವರ್ಷ ಹೆಸರು ತಿಳಿಯದೆ ನೋಡಿದ್ದೆನಲ್ಲ ಎಂದು ಪ್ರತಿ ಓದಿನಲ್ಲೂ ಅನಿಸುತ್ತದೆ. ಗ್ರಂಥಾಲಯದಲ್ಲಿ ಇದರ ಎರಡು ಪ್ರತಿಗಳಿವೆ. ಒಂದು ನನ್ನ ಹೆಸರಿನಲ್ಲಿದೆ, ಮುಂದಿನ ಮಂಗಳವಾರ ಹಿಂದಿರುಗಿಸಬೇಕು. ಇನ್ನೊಂದು ಇವತ್ತು ಕಪಾಟಿನಲ್ಲೇ ಇದೆ.